ಪರದೇಶದಲ್ಲಿ ಹಬ್ಬದ ಮೂರು ದಿನಗಳು

ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದು ಕಳುಹಿಸಬೇಕೆಂದು ನಮ್ಮ ಶಾಲೆಯಿಂದ ಅಪ್ಪಣೆಯಾದಾಗ ಏನು ಬರೆಯುವುದೆಂದು ನಾವು ಬಹಳವಾಗಿ ಯೋಚಿಸಿದೆವು. ದೊಡ್ಡ ವಿಷಯಗಳನ್ನು ಕುರಿತು ಬರೆಯುವುದಕ್ಕೆ ನಮಗಿಂತ ಯೋಗ್ಯರಾದ ಸಹೋದರಿಯರು ಅನೇಕರು ಇದ್ದಾರೆ. ಆದುದರಿಂದ ಹೊಸದಾಗಿ ಪರದೇಶದಲ್ಲಿ ನೆಲೆಸಿದ ಒಂದು ಚಿಕ್ಕ ಕುಟುಂಬವು ರಜೆಯ ಮೂರು ದಿನಗಳನ್ನು ಹೇಗೆ ಕಳೆಯಿತೆಂಬುದನ್ನು ಮಾತ್ರ ತಿಳಿಸುವೆವು. ಮಕ್ಕಳನ್ನು ಕರೆದುಕೊಂಡು ದೂರದೇಶಗಳಿಗೆ ಹೋಗುವ ಹಳೆಯ ವಿದ್ಯಾರ್ಥಿನಿಯರು ಈಗ ಹೆಚ್ಚುತ್ತಿರುವುದರಿಂದ ಇದು ಕೆಲವರಿಗಾದರೂ ಪ್ರಯೋಜನವಾದೀತೆಂದು ನಂಬುತ್ತೇವೆ.

೨೦೨೪ನೆಯ ಇಸವಿಯ ಜನವರಿ ತಿಂಗಳಲ್ಲಿ ನಾವು ಜರ್ಮನಿ ದೇಶದ ಎಸ್ಲಿಂಗೆನ್ ಎಂಬ ಪಟ್ಟಣವನ್ನು ಸೇರಿದೆವು. ಇದು ಸ್ಟುಟ್‌ಗಾರ್ಟ್ ನಗರದ ಹತ್ತಿರ ನೆಕ್ಕಾರ್ ಎಂಬ ಹೊಳೆಯ ದಡದಲ್ಲಿದೆ. ನಮ್ಮ ಯಜಮಾನರಿಗೆ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಉದ್ಯೋಗ ದೊರೆತಿತ್ತು. ಊರಿನ ಮೇಲ್ಗಡೆಯ ಇಳಿಜಾರುಗಳಲ್ಲಿ ದ್ರಾಕ್ಷೆಯ ತೋಟಗಳೂ, ಊರ ನಡುವೆ ಎರಡು ಗೋಪುರಗಳನ್ನು ಎತ್ತರದಲ್ಲಿ ಸಣ್ಣ ಸೇತುವೆಯೊಂದರಿಂದ ಜೋಡಿಸಿದ ಪುರಾತನವಾದ ದೇವಾಲಯವೂ ಉಂಟು. ೧೮೪೩ನೆಯ ಇಸವಿಯಲ್ಲಿ ‘ಮಂಗಳೂರ ಸಮಾಚಾರ’ವೆಂಬ ಕನ್ನಡದ ಮೊದಲನೆಯ ವೃತ್ತಪತ್ರವನ್ನು ಹೊರಡಿಸಿದ ಹೆರ್ಮನ್ ಮ್ಯೋಗ್ಲಿಂಗರು ೧೮೮೧ರಲ್ಲಿ ತೀರಿಕೊಂಡದ್ದು ಇದೇ ಪಟ್ಟಣದಲ್ಲಿಯೇ. ಕನ್ನಡಿಗರಾದ ನಮಗೆ ಇದನ್ನು ತಿಳಿದಾಗ ಆ ಊರು ತೀರ ಅನ್ಯವೆಂದು ತೋರದೆ ಹೋಯಿತು.

ಆದರೆ ಎಂಟು ವರ್ಷದ ನಮ್ಮ ಮಗಳಿಗೆ ಆ ಸಮಾಧಾನವು ಸಾಕಾಗಲಿಲ್ಲ. ಜರ್ಮನ್ ಭಾಷೆಯನ್ನು ಅರಿಯದ ಮಕ್ಕಳಿಗೋಸ್ಕರ ಆ ಪ್ರಾಂತದ ಶಾಲೆಗಳಲ್ಲಿ ಸಿದ್ಧತೆಯ ತರಗತಿಗಳನ್ನು ಏರ್ಪಡಿಸಿರುತ್ತಾರೆ. ಅಂಥ ತರಗತಿಯಲ್ಲಿ ಅವಳು ನಾಲ್ಕು ತಿಂಗಳು ಕುಳಿತರೂ ಒಂದು ಮಾತನ್ನಾದರೂ ಆಡಲಿಲ್ಲ. ಮನೆಯಲ್ಲಿ ಗಿಣಿಯ ಹಾಗೆ ಮಾತಾಡುತ್ತಿದ್ದ ಹುಡುಗಿ ಶಾಲೆಯ ಬಾಗಿಲನ್ನು ದಾಟಿದ ಕೂಡಲೇ ಮೂಕಳಾಗುತ್ತಿದ್ದಳು. ಉಪಾಧ್ಯಾಯಿನಿಯವರು ಮಾತ್ರ, “ಮಗು ಸುಮ್ಮನಿದೆಯೆಂದು ಕಲಿಯುತ್ತಿಲ್ಲವೆಂದು ತಿಳಿಯಬೇಡಿರಿ; ಮೊದಲು ಕಿವಿ ತುಂಬಬೇಕು, ತರುವಾಯ ಬಾಯಿ ತೆರೆಯುವುದು” ಎಂದು ಧೈರ್ಯ ಹೇಳುತ್ತಿದ್ದರು.

ಮಂಗಳೂರಿನಲ್ಲಿದ್ದ ನಮ್ಮ ಅತ್ತೆಯವರಿಗೆ ಈ ಸಂಗತಿ ತಿಳಿದು ಬಹಳ ಸಂಕಟವಾಯಿತು. “ಮಗುವನ್ನು ಯಾಕೆ ಅಷ್ಟು ಕಷ್ಟಪಡಿಸುತ್ತೀರಿ? ಇಲ್ಲಿಗೆ ಕಳುಹಿಸಿರಿ, ನಾನು ನೋಡಿಕೊಳ್ಳುತ್ತೇನೆ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವಾಗ ಸೇರಿಸೋಣ” ಎಂದು ದೂರವಾಣಿಯಲ್ಲಿ ಅಂದರು. ಮಗಳೂ ಅಜ್ಜಿಯ ಬಳಿಗೆ ಹೋಗುತ್ತೇನೆಂದು ಅತ್ತಳು. ಹಿರಿಯರ ಮಾತಿನಲ್ಲಿದ್ದದ್ದು ಪ್ರೀತಿಯೇ ಹೊರತು ಬೇರೆಯಲ್ಲ. ಆದರೆ ಒಂದೇ ಮಗುವನ್ನು ಅಷ್ಟು ದೂರ ಕಳುಹಿಸಿ ಬದುಕುವುದು ಹೇಗೆ? ಕಳುಹಿಸದೆ ಇಟ್ಟುಕೊಂಡರೆ ಅವಳ ಬಾಲ್ಯವು ಮೌನದಲ್ಲಿಯೇ ಬಾಡೀತೋ? ಹಬ್ಬದ ರಜೆ ಮುಗಿಯುವುದರೊಳಗೆ ತೀರ್ಮಾನವನ್ನು ತಿಳಿಸುವೆವೆಂದು ಅತ್ತೆಯವರಿಗೆ ಮಾತು ಕೊಟ್ಟೆವು.

ಆ ಹಬ್ಬವು ಪಂಚಾಶತ್ತಮ ದಿನದ ಹಬ್ಬ. ಜರ್ಮನರು ಅದನ್ನು ಫಿಂಗ್‌ಸ್ಟೆನ್ ಎನ್ನುತ್ತಾರೆ. ಆ ವರ್ಷ ಅದು ಮೇ ೧೯ನೆಯ ತಾರೀಖು ಆದಿತ್ಯವಾರ ಬಂತು. ಮರುದಿನ ಸೋಮವಾರವೂ ಅಲ್ಲಿ ಸಾರ್ವಜನಿಕ ರಜೆ. ಆದಿತ್ಯವಾರಗಳಲ್ಲಿಯೂ ಹಬ್ಬದ ದಿನಗಳಲ್ಲಿಯೂ ಅಂಗಡಿಗಳನ್ನು ಮುಚ್ಚಬೇಕೆಂಬುದು ಆ ದೇಶದ ಕಾನೂನು. ಆದುದರಿಂದ ಶನಿವಾರ ಬೆಳಿಗ್ಗೆಯೇ ಪೇಟೆಗೆ ಹೋಗಿ ಮೂರು ದಿನಗಳಿಗೆ ಬೇಕಾದ ಹಾಲು, ತರಕಾರಿ, ರೊಟ್ಟಿಗಳನ್ನು ತಂದೆವು. ಊರಿನಿಂದ ತಂದಿದ್ದ ಕುಚ್ಚಲಕ್ಕಿ ಇನ್ನೂ ಸ್ವಲ್ಪ ಉಳಿದಿತ್ತು. ಹಬ್ಬಕ್ಕೆಂದು ಅದನ್ನು ಎತ್ತಿಟ್ಟಿದ್ದೆವು.

ಆ ವಾರ ಮೆಟ್ಟಲು ಗುಡಿಸುವ ಸರದಿಯೂ ನಮ್ಮದಾಗಿತ್ತು. ಆ ಸೀಮೆಯವರಾದ ಶ್ವಾಬರಲ್ಲಿ ಒಂದು ಪದ್ಧತಿ ಉಂಟು. ಒಂದೇ ಕಟ್ಟಡದಲ್ಲಿ ವಾಸಿಸುವ ಮನೆಯವರು ವಾರಕ್ಕೊಬ್ಬರಂತೆ ಮೆಟ್ಟಲುಗಳನ್ನೂ ಅಂಗಳವನ್ನೂ ಶುಚಿಮಾಡಬೇಕು. ಇದಕ್ಕೆ ಕೇರ್‌ವೋಖೆ, ಅಂದರೆ ಗುಡಿಸುವ ವಾರವೆಂದು ಹೆಸರು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಚಿಕ್ಕ ಫಲಕವನ್ನು ತೂಗಹಾಕುತ್ತಾರೆ. ನಾವು ಗುಡಿಸುತ್ತಿರುವಾಗ ಎದುರು ಮನೆಯ ವೃದ್ಧೆಯು ಹೊರಗೆ ಬಂದು, ಹಿಡಿಸೂಡಿಯನ್ನು ತೋರಿಸಿ, “ಬೇಜೆನ್” ಎಂದು ಮಗಳಿಗೆ ಅದರ ಹೆಸರನ್ನು ಹೇಳಿದಳು. ಮಗಳು ತಲೆ ತಗ್ಗಿಸಿ ನಮ್ಮ ಹಿಂದೆ ಅಡಗಿದಳು. ಆ ತಾಯಿ ಸ್ವಲ್ಪವೂ ಬೇಸರಪಡದೆ, ನಕ್ಕು ಒಳಗೆ ಹೋದಳು.

ಆದಿತ್ಯವಾರದ ನಿಶ್ಶಬ್ದವನ್ನು ನಮ್ಮ ಊರಿನವರು ಊಹಿಸಲಾರರು. ಆ ದಿನ ಹುಲ್ಲು ಕತ್ತರಿಸುವ ಯಂತ್ರವನ್ನು ನಡಿಸಬಾರದು. ಗೋಡೆಗೆ ಮೊಳೆ ಹೊಡೆಯಬಾರದು. ಗಾಜಿನ ಕುಪ್ಪಿಗಳನ್ನು ಬೀದಿಯ ತೊಟ್ಟಿಗೆ ಹಾಕುವುದೂ ಸಲ್ಲದು. ಘಂಟೆಗಳ ಧ್ವನಿಯೊಂದೇ ಕಣಿವೆಯನ್ನೆಲ್ಲಾ ತುಂಬುವುದು. ಮಧ್ಯಾಹ್ನ ಗಂಜಿ ಊಟವಾದ ಮೇಲೆ ಮಗಳು ಈ ಹಬ್ಬ ಯಾತಕ್ಕೆಂದು ಕೇಳಿದಳು. ಮಿಶನ್ ಶಾಲೆಯಲ್ಲಿ ಕಲಿತ ನಮಗೆ ಆ ಕಥೆಯನ್ನು ಹೇಳುವುದು ಕಷ್ಟವಾಗಲಿಲ್ಲ. ಯೆರೂಸಲೇಮಿನಲ್ಲಿ ನಾನಾ ದೇಶಗಳಿಂದ ಕೂಡಿಬಂದವರು ಒಬ್ಬೊಬ್ಬರೂ ತಮ್ಮತಮ್ಮ ಭಾಷೆಯಲ್ಲಿಯೇ ಮಾತನ್ನು ಕೇಳಿ ಆಶ್ಚರ್ಯಪಟ್ಟರೆಂದು ತಿಳಿಸಿದೆವು. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಅಮ್ಮಾ, ಅಲ್ಲಿ ಕನ್ನಡದವರು ಇದ್ದರೋ?” ಎಂದು ಕೇಳಿದಳು. ನಾವು ನಕ್ಕೆವು; ಆದರೆ ಆ ಪ್ರಶ್ನೆಯು ಮನಸ್ಸಿನಲ್ಲಿ ನಾಟಿತು. ತನ್ನ ಭಾಷೆಯನ್ನು ಕೇಳುವವರು ಯಾರೂ ಇಲ್ಲದ ಕಡೆಯಲ್ಲಿ ತಾನಿದ್ದೇನೆಂಬುದೇ ಅವಳ ದುಃಖವಾಗಿತ್ತು.

ಸೋಮವಾರ ಬೆಳಿಗ್ಗೆ ರೈಲು ಹತ್ತಿ ಟ್ಯೂಬಿಂಗೆನ್ ಪಟ್ಟಣಕ್ಕೆ ಹೊರಟೆವು. ಒಂದು ತಿಂಗಳ ಚೀಟಿಯನ್ನು ಕೊಂಡರೆ ದೇಶದ ಸ್ಥಳೀಯ ರೈಲುಗಳಲ್ಲೆಲ್ಲಾ ಪ್ರಯಾಣಮಾಡುವ ಸೌಕರ್ಯವು ೨೦೨೩ರಲ್ಲಿ ಆರಂಭವಾಗಿತ್ತು. ನಾವು ಹೋದ ವರ್ಷ ಅದರ ಕ್ರಯವು ೪೯ ಯೂರೋ. ನೆಕ್ಕಾರ್ ಹೊಳೆಯು ಟ್ಯೂಬಿಂಗೆನ್ ಊರಿನ ನಡುವೆಯೂ ಹರಿಯುತ್ತದೆ. ೧೪೭೭ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯವು ಅಲ್ಲಿದೆ. ಹ್ಯೋಲ್ಡರ್ಲಿನ್ ಎಂಬ ಪ್ರಸಿದ್ಧ ಕವಿಯು ಮನೋರೋಗಪೀಡಿತನಾಗಿ ಮೂವತ್ತಾರು ವರ್ಷ ವಾಸಿಸಿದ ಹಳದಿ ಬಣ್ಣದ ಗೋಪುರವು ಹೊಳೆಯ ಅಂಚಿನಲ್ಲಿಯೇ ನಿಂತಿದೆ. ಅದರ ಮುಂದೆ ಉದ್ದವಾದ ದೋಣಿಗಳನ್ನು ಮರದ ಕೋಲಿನಿಂದ ನೂಕುತ್ತಾ ಹೋಗುವುದನ್ನು ಕಂಡು, “ನಮ್ಮ ನೇತ್ರಾವತಿಯ ದೋಣಿಯ ಹಾಗೆ!” ಎಂದು ಮಗಳು ಕೂಗಿದಳು.

ನಾವು ಆ ಊರಿಗೆ ಹೋದದ್ದು ಬರೀ ಹೊಳೆಯನ್ನು ನೋಡುವುದಕ್ಕಲ್ಲ. ಕನ್ನಡ ನಿಘಂಟನ್ನು ರಚಿಸಿದ ಫರ್ಡಿನಂಡ್ ಕಿಟ್ಟೆಲರು ತಮ್ಮ ಕೊನೆಯ ದಿನಗಳನ್ನು ಕಳೆದು ೧೯೦೩ರಲ್ಲಿ ತೀರಿಕೊಂಡ ಊರು ಅದು. ೧೮೯೬ರಲ್ಲಿ ಅವರಿಗೆ ಡಾಕ್ಟರ್ ಎಂಬ ಗೌರವಪದವಿಯನ್ನು ಕೊಟ್ಟದ್ದೂ ಅಲ್ಲಿಯ ವಿಶ್ವವಿದ್ಯಾಲಯವೇ. ಹೊಳೆಯ ನಡುವಣ ದಿಬ್ಬದಲ್ಲಿ ಸಾಲಾಗಿ ನೆಟ್ಟ ಹೆಮ್ಮರಗಳ ಕೆಳಗೆ ಕುಳಿತು, ಬುತ್ತಿಯನ್ನು ಬಿಚ್ಚಿ, ಅವರ ಕಥೆಯನ್ನು ಮಗಳಿಗೆ ಹೇಳಿದೆವು. ಅವರು ೧೮೩೨ರಲ್ಲಿ ಜರ್ಮನಿಯ ಉತ್ತರದ ಸಮುದ್ರತೀರದ ಸೀಮೆಯಲ್ಲಿ ಹುಟ್ಟಿದವರು. ೧೮೫೩ರಲ್ಲಿ ನಮ್ಮ ದೇಶಕ್ಕೆ ಬಂದವರು. ಕೇಶಿರಾಜನ ‘ಶಬ್ದಮಣಿದರ್ಪಣ’ದಂಥ ಹಳಗನ್ನಡ ವ್ಯಾಕರಣವನ್ನು ೧೮೭೨ರಲ್ಲಿ ಅಚ್ಚುಹಾಕಿಸುವಷ್ಟು ಕನ್ನಡವನ್ನು ಕಲಿತವರು. ಸುಮಾರು ೭೦,೦೦೦ ಶಬ್ದಗಳುಳ್ಳ ಅವರ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು.

“ಅವರು ನಮ್ಮ ಊರಿಗೆ ಬಂದಾಗ ಎಷ್ಟು ವರ್ಷದವರು?” ಎಂದು ಮಗಳು ಕೇಳಿದಳು.

“ಇಪ್ಪತ್ತೊಂದು” ಎಂದೆವು.

“ಪುಸ್ತಕ ಮುಗಿಯುವಾಗ?”

“ಅರುವತ್ತೆರಡು.”

ಅವಳು ಬೆರಳುಗಳನ್ನು ಮಡಿಸಿ ಲೆಕ್ಕಮಾಡಿ, “ಹಾಗಾದರೆ ನಲುವತ್ತೊಂದು ವರ್ಷ! ನಾನು ಬಂದು ಬರೀ ನಾಲ್ಕು ತಿಂಗಳಾಯಿತಲ್ಲವೇ ಅಪ್ಪಾ?” ಎಂದಳು. ನಾವು ನಾಲ್ಕು ತಿಂಗಳಿಂದ ಹೇಳಲಾರದೆ ಹೋದ ಬುದ್ಧಿಯ ಮಾತನ್ನು ಅವಳು ತಾನೇ ಹೇಳಿಕೊಂಡಳು.

ಹಿಂದಿರುಗುವಾಗ ರೈಲಿನಲ್ಲಿ ಅವಳು ಒಂದು ಪುಸ್ತಕವನ್ನು ತೆರೆದು ಎಡಗಡೆ ಜರ್ಮನ್ ಶಬ್ದಗಳನ್ನೂ ಬಲಗಡೆ ಕನ್ನಡದ ಅರ್ಥಗಳನ್ನೂ ಬರೆಯತೊಡಗಿದಳು. ಬೇಜೆನ್, ಹಿಡಿಸೂಡಿ. ಕೈಗವಸಿಗೆ ಜರ್ಮನರು ‘ಕೈಯ ಜೋಡು’ ಎಂದೂ, ಆಮೆಗೆ ‘ಗುರಾಣಿಯ ಕಪ್ಪೆ’ ಎಂದೂ ಹೇಳುತ್ತಾರೆಂಬುದನ್ನು ಅವಳೇ ನಮಗೆ ತಿಳಿಸಿ ನಗಾಡಿದಳು. ಇಷ್ಟೆಲ್ಲವೂ ಆ ಮೌನದ ತಿಂಗಳುಗಳಲ್ಲಿ ಅವಳ ಕಿವಿಯಲ್ಲಿ ಕೂಡಿಕೊಂಡಿತ್ತು. ಉಪಾಧ್ಯಾಯಿನಿಯವರ ಮಾತು ಸತ್ಯವಾಗಿತ್ತು.

ಸಾಯಂಕಾಲ ಮನೆ ಸೇರಿದೆವು. ಅಲ್ಲಿ ಮೇ ತಿಂಗಳಲ್ಲಿ ರಾತ್ರಿ ಒಂಭತ್ತು ಘಂಟೆಯ ವರೆಗೂ ಬೆಳಕಿರುವುದು. ಗುಡಿಸುವ ಫಲಕವನ್ನು ಎದುರು ಮನೆಗೆ ದಾಟಿಸಬೇಕಾಗಿತ್ತು. ಮಗಳು ಅದನ್ನು ನಮ್ಮ ಕೈಯಿಂದ ತೆಗೆದುಕೊಂಡು ಹೋಗಿ, ವೃದ್ಧೆಯು ಬಾಗಿಲು ತೆರೆದಾಗ, “ಯೆಟ್ಸ್ಟ್ ಜಿಂಟ್ ಜೀ ದ್ರಾನ್” ಎಂದಳು. ಇನ್ನು ನಿಮ್ಮ ಸರದಿ ಎಂದರ್ಥ. ವೃದ್ಧೆಯು ಅವಳ ಎರಡು ಕೈಗಳನ್ನೂ ಹಿಡಿದುಕೊಂಡು ಶ್ವಾಬರ ಆಡುಮಾತಿನಲ್ಲಿ ಏನೇನೋ ಹೇಳಿದಳು. ಅದು ನಮಗೆ ಗೊತ್ತಾಗಲಿಲ್ಲ, ಮಗಳಿಗೂ ಪೂರ್ತಿ ಗೊತ್ತಾಗಲಿಲ್ಲ. ಆದರೂ ಅವಳು ಓಡಿಬರಲಿಲ್ಲ, ನಿಂತು ಕೇಳಿದಳು.

ಆ ರಾತ್ರಿ ಮಗಳು ಮಲಗಿದ ಮೇಲೆ ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು. ಒಂದು ವಾಕ್ಯದಿಂದ ಕಷ್ಟವೆಲ್ಲ ತೀರಿತೆಂದು ನಾವು ತಿಳಿಯಲಿಲ್ಲ. ಆದರೆ ಈಗ ಊರಿಗೆ ಕಳುಹಿಸಿದರೆ, ತನಗೆ ಬಾರದ ಭಾಷೆಯ ಮುಂದೆ ತಾನು ಸೋತೆನೆಂಬ ನೆನಪನ್ನು ಅವಳು ಹೊತ್ತುಕೊಂಡು ಹೋಗುವಳೆಂದು ನಮಗೆ ಕಂಡಿತು. ಮರುದಿನ ಅತ್ತೆಯವರಿಗೆ ನಮ್ಮ ತೀರ್ಮಾನವನ್ನು ತಿಳಿಸಿದೆವು. ಅವರು ಒಂದು ಕ್ಷಣ ಸುಮ್ಮನಿದ್ದು, “ಹಾಗಾದರೆ ಕನ್ನಡ ಮರೆಯದ ಹಾಗೆ ನೋಡಿಕೊಳ್ಳಿರಿ, ದಿವಸಾ ಒಂದು ಕಥೆ ನಾನು ಹೇಳುತ್ತೇನೆ” ಎಂದರು. ಆ ಕಥೆಗಳು ಅಂದಿನಿಂದಲೇ ಆರಂಭವಾದವು. ರಜೆ ಕಳೆದು ಶಾಲೆ ತೆರೆದಾಗಲೂ ಮಗಳು ಒಮ್ಮೆಲೇ ವಾಚಾಳಿಯಾಗಲಿಲ್ಲ. ಆದರೆ ಅಜ್ಜಿಯ ಬಳಿಗೆ ಕಳುಹಿಸಿರೆಂದು ಮತ್ತೆ ಅಳಲಿಲ್ಲ.

ಪ್ರಿಯ ಸಹೋದರಿಯರೇ, ನಮ್ಮ ಶಾಲೆಯಲ್ಲಿ ಕಲಿತವರಲ್ಲಿ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತುಗಳನ್ನಾಡುತ್ತಾ ತರಗತಿಗೆ ಬಂದು ಕನ್ನಡವನ್ನು ಕಲಿತವರು ಎಷ್ಟು ಮಂದಿ! ಮೊದಲನೆಯ ವರ್ಷ ಬೆಂಚಿನ ಕೊನೆಯಲ್ಲಿ ಬಾಯಿ ಮುಚ್ಚಿಕೊಂಡು ಕುಳಿತ ಹುಡುಗಿಯರನ್ನು ನಾವೆಲ್ಲರೂ ಕಂಡಿದ್ದೇವೆ. ಅವರಿಗಾಗಿ ತಾಳ್ಮೆಯಿಂದ ಕಾದ ಉಪಾಧ್ಯಾಯಿನಿಯರೂ ನಮಗಿದ್ದರು. ಪರದೇಶಕ್ಕೆ ಹೋಗುವ ತಾಯಿತಂದೆಗಳು ಬಟ್ಟೆಬರೆಗಳ ಜೊತೆಯಲ್ಲಿ ಆ ತಾಳ್ಮೆಯನ್ನೂ ಕಟ್ಟಿಕೊಂಡು ಹೋಗಲಿ. ಮನೆಯಲ್ಲಿ ಮಕ್ಕಳ ಸಂಗಡ ಸ್ವಂತ ಭಾಷೆಯನ್ನು ಬಿಡದೆ ಆಡಲಿ. ಅದು ಹೊಸ ಭಾಷೆಗೆ ಅಡ್ಡಿಯಲ್ಲ, ಅದರ ಅರ್ಥವನ್ನು ಬರೆದುಕೊಳ್ಳುವ ಬಲಗಡೆಯ ಸಾಲು ಅದೇ.