ಕಣ್ಣಿಗೆ ಕಾಣದ ಪೆಟ್ಟು

ಕಾಲು ಮುರಿದ ಮಗು ಪಟ್ಟಿ ಕಟ್ಟಿಸಿಕೊಂಡು ಶಾಲೆಗೆ ಹೋದರೆ ಎಲ್ಲರೂ "ಅಯ್ಯೋ ಪಾಪ" ಅಂತ ಜಾಗ ಬಿಡುತ್ತಾರೆ. ತಲೆಗೆ ಪೆಟ್ಟಾದ ಮಗುವಿಗೆ ಆ ಭಾಗ್ಯವಿಲ್ಲ ನೋಡಿ. ಗಾಯ ಒಣಗಿತಲ್ಲ, ಇನ್ನೇನು ಕೇಡು ಎನ್ನುತ್ತಾರೆ. ಸೋದರಿಯರೇ, ನಿಮ್ಮ ಮನೆಯಲ್ಲೂ ಇಂಥ ಮಗುವಿದ್ದರೆ ನನ್ನ ಮಾತು ನಿಮಗೆ ಅರ್ಥವಾದೀತು.

ನನ್ನ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಗ ಕುವೆಂಪುನಗರದ ತಿರುವಿನಲ್ಲಿ ಸೈಕಲ್ಲಿನಿಂದ ಬಿದ್ದಳು. ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಡಾಕ್ಟರು "ಕನ್‌ಕಷನ್" ಅಂದರು. ಮಿದುಳು ಅಲುಗಿದ್ದು ಸಾಮಾನ್ಯವಾಗಿ ಸ್ಕ್ಯಾನಿಗೆ ಕಾಣುವುದಿಲ್ಲವಂತೆ. ವಾರ ಬಿಟ್ಟು ಶಾಲೆಗೆ ಹೋದವಳು ಮಧ್ಯಾಹ್ನಕ್ಕೇ ವಾಪಸು. ಬೋರ್ಡು ನೋಡಿ ಬರೆದರೆ ತಲೆನೋವು, ಗದ್ದಲ ತಡೆಯಲಾರಳು, ಓದಿದ್ದು ನಿಲ್ಲದು. "ಚೆನ್ನಾಗೇ ಇದ್ದಾಳಲ್ರೀ, ಪರೀಕ್ಷೆ ಬಂತು ಅಂತ ನಾಟಕ" ಎಂದರು ಶಾಲೆಯಲ್ಲೊಬ್ಬರು, ಅವಳ ಎದುರಿಗೇ! ಆ ರಾತ್ರಿ "ಅಮ್ಮಾ, ನಾನು ದಡ್ಡಿ ಆಗ್ಬಿಟ್ನಾ?" ಅಂತ ಕೇಳಿದಳು. ಏನು ಹೇಳಲಿ?

ಇಂಥವರನ್ನು ಕತ್ತಲ ಕೋಣೆಯಲ್ಲಿ ದಿನಗಟ್ಟಲೆ ಮಲಗಿಸುವ ಕಾಲ ಹೋಯಿತು. 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ್ದ ತಜ್ಞರ ಅಭಿಪ್ರಾಯವೂ ಅದೇ: ಮೊದಲ 24ರಿಂದ 48 ಗಂಟೆ ಹಗುರ ವಿಶ್ರಾಂತಿ, ಆಮೇಲೆ ಸ್ವಲ್ಪಸ್ವಲ್ಪವಾಗಿ ನಡಿಗೆ, ಓದು. ಬಹುಪಾಲು ಮಕ್ಕಳು ತಿಂಗಳೊಳಗೆ ಚೇತರಿಸಿಕೊಳ್ಳುತ್ತಾರೆ, ಕೆಲವರಿಗೆ ಹೆಚ್ಚು ದಿನ ಬೇಕು. (ಪೆಟ್ಟಾದ ಮೇಲೆ ಪದೇಪದೇ ವಾಂತಿ, ಮಂಪರು, ಏರುತ್ತಲೇ ಇರುವ ತಲೆನೋವು ಇದ್ದರೆ ಮನೆಮದ್ದು ಮಾಡುತ್ತ ಕೂರಬೇಡಿ, ಆಸ್ಪತ್ರೆಗೆ ಓಡಿ.)

ಕಾನೂನು ಇಲ್ಲವೇ ಅಂದರೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ಪರೀಕ್ಷೆಗೆ ಹೆಚ್ಚಿನ ಸಮಯ, ಉತ್ತರ ಬರೆದುಕೊಡುವವರ ನೆರವು, ಎರಡನೇ ಮೂರನೇ ಭಾಷೆಯ ವಿನಾಯಿತಿ ಎಲ್ಲ ಉಂಟು. ಆದರೆ ಅದು ದೀರ್ಘಕಾಲದ ನ್ಯೂನತೆಗೆ. ಎರಡು ತಿಂಗಳ ಕಷ್ಟಕ್ಕೆ ಯಾವ ಸರ್ಟಿಫಿಕೇಟು ತರೋಣ? ಇಲ್ಲಿ ಶಾಲೆಯವರ ಮನಸ್ಸೇ ಕಾನೂನು. ಪೆಟ್ಟಿನಿಂದ ಮಾತೇ ತಡವರಿಸಿದರೆ ಮಾತ್ರ ನಾವು ಮೈಸೂರಿನವರು ಪುಣ್ಯವಂತರು. ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆ ಇದೆ.

ನಾನು ಮಾಡಿದ್ದಿಷ್ಟು. ಡಾಕ್ಟರ ಚೀಟಿಯಲ್ಲಿ ಬರೀ "ವಿಶ್ರಾಂತಿ" ಅಂತ ಬರೆಸಲಿಲ್ಲ. ಮೊದಲ ವಾರ ಅರ್ಧ ದಿನ, ಎರಡು ಪೀರಿಯಡ್ಡಿಗೊಮ್ಮೆ ಹತ್ತು ನಿಮಿಷ ಬಿಡುವು, ನೋಟ್ಸು ಗೆಳತಿಯದು, ದಿನಕ್ಕೊಂದೇ ಟೆಸ್ಟು ಎಂದು ಬಿಡಿಸಿ ಬರೆಸಿದೆ. ಅದನ್ನು ಓದಿದ ಗಣಿತದ ಮೇಡಂ "ಹೀಗೆ ಹೇಳಿದ್ರೆ ನಮಗೂ ಗೊತ್ತಾಗತ್ತೆ" ಎಂದು ತಾವೇ ಉಳಿದವರಿಗೆ ತೋರಿಸಿದರು. ಹತ್ತು ಲೆಕ್ಕದ ಬದಲು ನಾಲ್ಕು ಕೊಟ್ಟರು. ಏಳನೆಯ ವಾರಕ್ಕೆ ಅವಳು ಪೂರ್ತಿ ದಿನ ಕೂತಳು.

ಈಗಲೂ ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ನಮ್ಮನೇಲಿ ಬೇಳೆ ಇನ್ನೂ ಪಾತ್ರೆಯಲ್ಲೇ ಬೇಯುತ್ತಿದೆ.