ಮಂಕಾದನೋ, ಮಂಕು ಮಾಡಿದರೋ?

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

'ಅಬ್‌ಟಂಡ್' ಅಂತ ಒಂದು ಇಂಗ್ಲಿಷ್ ಪದ ಇದೆ. ಡಾಕ್ಟರುಗಳನ್ನು ಬಿಟ್ಟರೆ ಇಂಗ್ಲಿಷಿನವರೂ ಅಪರೂಪಕ್ಕೆ ಬಳಸೋದು. ಮೂಲ ಲ್ಯಾಟಿನ್. ಅಲ್ಲಿ 'ಟುಂಡೆರೆ' ಅಂದರೆ ಬಡಿಯುವುದು, ಕುಟ್ಟುವುದು. ಬಡಿದೂ ಬಡಿದೂ ಮೊನೆಯನ್ನು ಮೊಂಡು ಮಾಡುವುದೇ ಅಬ್‌ಟಂಡ್. ಶಾಲೇಲಿ ವಿಶಾಲ ಕೋನಕ್ಕೆ 'ಅಬ್‌ಟ್ಯೂಸ್ ಆಂಗಲ್' ಅಂತಿದ್ವಲ್ಲ, ಅದೂ ಇದೇ ಬೇರಿನದು. ಮೊನೆ ಇಲ್ಲದ ಕೋನ.

ಬಡಿತ ಅಂದಮೇಲೆ ಬಡಿದವನೊಬ್ಬ ಇರಲೇಬೇಕು. ಅಜ್ಜನ ರಂಪಿಗೆ ತಾನಾಗೇ ಮೊಂಡಾಗ್ತಿರಲಿಲ್ಲ, ಊರಿನವರ ಮೆಟ್ಟಿಗೆ ಚರ್ಮ ಕೊಯ್ದು ಮೊಂಡಾಗ್ತಿತ್ತು. ಆದರೆ 'ಅಬ್‌ಟಂಡೆಡ್' ಅಂತ ಬರೆದ ಕೂಡಲೇ ಬಡಿದವನು ಮಾಯ, ಬಡಿಸಿಕೊಂಡವನೊಬ್ಬನೇ ಉಳೀತಾನೆ.

ಈ ಪದ ನಾನು ಮೊದಲು ನೋಡಿದ್ದು ಯುಜಿಡಿ ಗುಂಡಿಗೆ ಇಳಿದಿದ್ದ ನಮ್ಮ ಹುಡುಗನೊಬ್ಬನ ಕೇಸ್ ಶೀಟಿನಲ್ಲಿ. "ಪೂರ್ತಿ ಪ್ರಜ್ಞೆ ಹೋಗಿಲ್ಲ ಸರ್, ಮಂಕಾಗಿದ್ದಾರೆ. ಜೋರಾಗಿ ಕೂಗಿದರೆ ಓಗೊಡ್ತಾರೆ, ಮತ್ತೆ ಜಾರ್ತಾರೆ" ಅಂದರು ಡಾಕ್ಟರಮ್ಮ. ಅವನ ಅವ್ವ ಹಾಸಿಗೆ ಪಕ್ಕ ನಿಂತು ಕೂಗ್ತಾನೇ ಇದ್ದಳು.

ಗುಂಡಿಯೊಳಗಿನ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆ ಥರ ನಾರುತ್ತೆ. ಹತ್ತು ಲಕ್ಷ ಭಾಗ ಗಾಳಿಗೆ ಸುಮಾರು 100 ಭಾಗ ಆಯ್ತು ಅಂದರೆ ಕೆಲವೇ ನಿಮಿಷದಲ್ಲಿ ಮೂಗಿನ ನರ ಸೋಲುತ್ತೆ, ವಾಸನೆ ನಿಂತೇ ಹೋಗುತ್ತೆ. ಒಳಗಿರೋನು ಗ್ಯಾಸ್ ಕಮ್ಮಿ ಆಯ್ತು ಅಂದ್ಕೊತಾನೆ. 700–1000ಕ್ಕೆ ಏರಿದರೆ ಒಂದೆರಡು ಉಸಿರಿಗೇ ಕುಸೀತಾನೆ. ಎತ್ತೋಕೆ ಇಳಿದವನೂ ಅಲ್ಲೇ ಬೀಳ್ತಾನೆ. ಒಂದೇ ಗುಂಡೀಲಿ ಇಬ್ಬರು ಮೂವರು ಸಾಯೋದು ಹೀಗೆ.

ಇನ್ನು, "ಕುಡಿದು ಇಳೀತಾರೆ ಸಾರ್" ಅನ್ನೋ ಮಾತು. ಹೌದು, ಎಷ್ಟೋ ಜನ ಕುಡಿದೇ ಇಳೀತಾರೆ. ಎಚ್ಚರ ಇದ್ದುಕೊಂಡು ಇನ್ನೊಬ್ಬರ ಹೇಲಿನೊಳಗೆ ಕುತ್ತಿಗೆ ತನಕ ನಿಲ್ಲೋಕೆ ಆಗುತ್ತಾ? ಕ್ವಾರ್ಟರ್‌ಗೆ ದುಡ್ಡು ಕೊಟ್ಟೋನೂ ಇಳಿಸಿದೋನೇ ಆಗಿರ್ತಾನೆ, ಅದನ್ನ ಯಾರೂ ಕೇಳಲ್ಲ.

ಕಾನೂನು ಇಲ್ಲ ಅಂತೇನಲ್ಲ. 2013ರ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ರಕ್ಷಣೆ ಕೊಡದೆ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಯಾರನ್ನೂ ಇಳಿಸೋ ಹಾಗಿಲ್ಲ. 9ನೇ ಸೆಕ್ಷನ್ನಿನಲ್ಲಿ ಮೊದಲ ತಪ್ಪಿಗೇ 2 ವರ್ಷದ ತನಕ ಜೈಲು ಇದೆ. ಸತ್ತರೆ 30 ಲಕ್ಷ, ಶಾಶ್ವತ ಅಂಗವೈಕಲ್ಯಕ್ಕೆ 20 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ಆದರೆ ಠಾಣೇಲಿ ದೂರು ಬರೆಯೋ ಪೆನ್ನಿಗೂ ಮೊಂಡು ಹಿಡಿದಿರುತ್ತೆ. "ಗುಂಡಿಗೆ ಇಳಿದಾಗ ಅಸ್ವಸ್ಥಗೊಂಡಿದ್ದು" ಅಂತ ಬರೆದಿದ್ರು. 'ಇಳಿದಾಗ' ಹೋಗಿ 'ಇಳಿಸಿದಾಗ' ಆಗೋಕೆ ರಾತ್ರಿ ಹನ್ನೆರಡೂವರೆ ಆಯ್ತು. ಇಷ್ಟಕ್ಕೇ ಮೂರು ಗಂಟೆ ಜಗಳ!

ಕಂಟ್ರಾಕ್ಟರ್ ಹೆಸರು ಸೇರಿದೆ. ಕೆಲಸ ಹೇಳಿದ ಎಂಜಿನಿಯರ್ ಹೆಸರು ಇನ್ನೂ ಸೇರಿಲ್ಲ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಡಿಸಿ ಆಫೀಸ್ ಮುಂದೆ ಸೇರ್ತಿದೀವಿ, ಬನ್ನಿ. ತಮಟೆ ಇರೋರು ತಮಟೆ ತನ್ನಿ.