ಕೊಲ್ಹಾರದ ದಾರಿಯಲ್ಲಿ ಒಂದು ಪರೀಕ್ಷೆ

ವಿಜಯಪುರದಿಂದ ದಕ್ಷಿಣಕ್ಕೆ ಹೊರಟ ಹೆದ್ದಾರಿಯು ಮುಳವಾಡವನ್ನು ದಾಟಿ ಕೃಷ್ಣೆಯನ್ನು ಸೇರುವ ಸ್ಥಳವೇ ಕೊಲ್ಹಾರ. ಬಹುಕಾಲ ಬಸವನ ಬಾಗೇವಾಡಿ ತಾಲೂಕಿಗೆ ಸೇರಿದ್ದ ಈ ಊರು ಈಚೆಗೆ ತಾನೇ ತಾಲೂಕಿನ ಕೇಂದ್ರವಾಗಿದೆ. ಹಿಂದಿನ ಕೊಲ್ಹಾರವು ಆಲಮಟ್ಟಿ ಜಲಾಶಯದ ಹಿನ್ನೀರಿನ ಪಾಲಾಯಿತು. ಜನರು ಮನೆಮಠಗಳನ್ನು ಬಿಟ್ಟು ಎತ್ತರದ ನೆಲದಲ್ಲಿ ಹೊಸ ಊರನ್ನು ಕಟ್ಟಿಕೊಂಡರು. ಹಳೆಯ ಊರಿನಿಂದ ಅವರು ಮುಳುಗಗೊಡದೆ ತಂದ ಸೊತ್ತುಗಳಲ್ಲಿ ಒಂದು ಮೊಸರು. ಮಣ್ಣಿನ ಗಡಿಗೆಯಲ್ಲಿ ಹೆಪ್ಪುಗಟ್ಟಿದ ಕೊಲ್ಹಾರದ ಮೊಸರಿನ ಕೀರ್ತಿಯನ್ನು ಆ ದಾರಿಯಲ್ಲಿ ಸಂಚರಿಸಿದವರಿಗೆ ಹೇಳಬೇಕಾದುದಿಲ್ಲ.

ಈ ದಾರಿಯಲ್ಲಿ ನಾನು ಬಸ್ಸಿನಲ್ಲಿ ಎಷ್ಟು ಸಲ ಹೋಗಿ ಬಂದಿರುವೆನೋ ಲೆಕ್ಕವಿಲ್ಲ. ಆದರೆ ಕಳೆದ ಮಾಘಮಾಸದಲ್ಲಿ ಮಾಡಿದ ಪ್ರಯಾಣವು ಬೇರೆ ತೆರನಾದುದು. ನನ್ನಲ್ಲಿ ಸಂಸ್ಕೃತವನ್ನು ಓದಿದ ಒಬ್ಬ ಶಿಷ್ಯನು ಬೆಂಗಳೂರಿನಲ್ಲಿ ಉದ್ಯೋಗಸ್ಥನಾಗಿ, ದ್ರವ್ಯವಂತನಾಗಿ, ತನ್ನ ಬಾಲ್ಯದ ಕನಸೆಂದು ಹೇಳಿಕೊಂಡು ಜರ್ಮನಿಯಲ್ಲಿ ತಯಾರಾದ ಪೋರ್ಷೆ 911 ಎಂಬ ಕ್ರೀಡಾಕಾರನ್ನು ಪರಭಾರೆಯಾಗಿ ಕೊಂಡಿದ್ದನು. ಬಾಗಲಕೋಟೆಯಲ್ಲಿ ನಮ್ಮಿಬ್ಬರಿಗೂ ಬೇಕಾದವರ ಮನೆಯ ಮದುವೆ. ಅವನ ಹೆಂಡತಿಯು ಮುಂಚಿನ ದಿನವೇ ಹೋಗಿದ್ದಳು. "ಗುರುಗಳ, ನೀವು ನನ್ನ ಜೋಡೀನ ಬರಬೇಕು" ಎಂದು ಹಟ ಹಿಡಿದು ನನ್ನನ್ನು ಮುಂದಿನ ಆಸನದಲ್ಲಿ ಕೂರಿಸಿದನು. ಹಿಂದಿನ ಆಸನವು ದೊಡ್ಡವರು ಕೂಡ್ರಲಾರದಷ್ಟು ಇಕ್ಕಟ್ಟಾದುದು. ಅದರಲ್ಲಿ ಎಂಟು ವರ್ಷದ ಅವನ ಮಗಳು ಕುಳಿತಳು.

ಗಾಡಿಯೊಳಗೆ ಇಳಿಯುವುದೇ ಒಂದು ಯೋಗಾಸನ. ನೆಲದಿಂದ ಗೇಣುದ್ದವೂ ಎತ್ತರವಿಲ್ಲದ ಆ ವಾಹನವು ಊರೂರಿನ ರಸ್ತೆಯುಬ್ಬುಗಳ ಮುಂದೆ ಮದುವಣಗಿತ್ತಿಯಂತೆ ತಲೆತಗ್ಗಿಸಿ ನಿಧಾನಿಸಬೇಕಾಗುತ್ತಿತ್ತು. ಮುಳವಾಡದಲ್ಲಿ ಚಹಾಕ್ಕೆಂದು ನಿಂತಾಗ ಜನ ನೆರೆಯಿತು. ಶಿಷ್ಯನು ಮುಂಭಾಗದ ಮುಚ್ಚಳವನ್ನು ತೆರೆದು ಚೀಲವನ್ನು ತೆಗೆದನು. ಒಳಗೆ ಯಂತ್ರವಿಲ್ಲದುದನ್ನು ಕಂಡು ರುಮಾಲು ಸುತ್ತಿದ ಒಬ್ಬ ಮುದುಕರು, "ಯಪ್ಪಾ, ಇಂಜಿನ್ನ ದಾರ್‍ಯಾಗ ಎಲ್ಲಿ ಬೀಳಿಸಿ ಬಂದಿ?" ಎಂದು ಕೇಳಿದರು. ಎಲ್ಲರೂ ನಕ್ಕೆವು. ಈ ಗಾಡಿಗೆ ಯಂತ್ರವಿರುವುದು ಬೆನ್ನ ಹಿಂದೆ. ಆರು ಕೊಳವೆಗಳು ಮೂರು ಮೂರಾಗಿ ಎರಡು ಕಡೆಗೆ ಮಲಗಿರುತ್ತವೆ. 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ 901 ಎಂಬ ಅಂಕದಿಂದ ಇದು ಮೊದಲು ಕಾಣಿಸಿಕೊಂಡಿತು. ನಡುವೆ ಸೊನ್ನೆಯಿರುವ ಅಂಕಗಳು ತನ್ನವೆಂದು ಫ್ರಾನ್ಸಿನ ಪ್ಯೂಜೊ ಕಂಪನಿಯು ಆಕ್ಷೇಪಿಸಿದುದರಿಂದ 911 ಆಯಿತು. ಅಂದಿನಿಂದ ಇಂದಿನ ವರೆಗೆ ಯಂತ್ರವು ಹಿಂದೆಯೇ ಇದೆ.

ಮುಳವಾಡದಿಂದ ಮುಂದೆ ಶಿಷ್ಯನು ತನ್ನ ಗಾಡಿಯ ವಿಶ್ವಾಸಾರ್ಹತೆಯನ್ನು ವರ್ಣಿಸತೊಡಗಿದನು. ಇಷ್ಟು ವೇಗದ ವಾಹನವು ಬಹುಬೇಗ ಕೆಡುವುದೆಂದು ಲೋಕವು ತಿಳಿದಿರುತ್ತದೆ. ಆದರೆ ಜರ್ಮನಿಯ ಸರ್ಕಾರಿ ಕಡ್ಡಾಯ ಪರೀಕ್ಷೆಗಳ ಫಲಿತಾಂಶವು ಇದಕ್ಕೆ ವಿರುದ್ಧವಾಗಿದೆ ಎಂದನು. ಈ ಮಾತು ನಿಜ. ಆ ದೇಶದಲ್ಲಿ ಪ್ರತಿಯೊಂದು ಹೊಸ ಕಾರೂ ಮೂರು ವರ್ಷಕ್ಕೆ ಮೊದಲ ಸಲ, ಅನಂತರ ಎರಡೆರಡು ವರ್ಷಕ್ಕೊಮ್ಮೆ ಪರೀಕ್ಷೆಗೆ ನಿಲ್ಲಬೇಕು. ಬ್ರೇಕು, ದೀಪ, ಚುಕ್ಕಾಣಿ, ಗಾಲಿ, ತಳದ ಜಂಗು, ಹೊಗೆ ಎಲ್ಲವನ್ನೂ ನೋಡುತ್ತಾರೆ. ಉತ್ತೀರ್ಣವಾದರೆ ಹಿಂದಿನ ಸಂಖ್ಯಾಫಲಕದ ಮೇಲೆ ಬಣ್ಣದ ದುಂಡು ಚೀಟಿಯನ್ನು ಅಂಟಿಸುವರು. ದೊಡ್ಡ ದೋಷವು ಕಂಡರೆ ಚೀಟಿಯಿಲ್ಲ, ತಿಂಗಳೊಳಗೆ ಸರಿಪಡಿಸಿ ಮತ್ತೆ ತೋರಿಸಬೇಕು. ಸುಮಾರು ಐದು ಗಾಡಿಗಳಲ್ಲಿ ಒಂದು ಹೀಗೆ ಹಿಂದಿರುಗುತ್ತದೆ. ಟ್ಯುಫ್ ಎಂಬ ಪರೀಕ್ಷಕ ಸಂಘಗಳು ಲಕ್ಷಾಂತರ ಪರೀಕ್ಷೆಗಳ ಫಲವನ್ನು ವಯಸ್ಸಿನ ಪ್ರಕಾರ ವಿಂಗಡಿಸಿ ವರ್ಷವರ್ಷವೂ ಪ್ರಕಟಿಸುತ್ತವೆ. ಅವುಗಳಲ್ಲಿ, ಅದರಲ್ಲೂ ವಯಸ್ಸಾದ ಗಾಡಿಗಳ ವರ್ಗಗಳಲ್ಲಿ, ಈ 911 ಅನೇಕ ವರ್ಷ ಪಟ್ಟಿಯ ತಲೆಯಲ್ಲಿ ನಿಂತಿದೆ.

ಆ ಸಂಘಗಳ ಹುಟ್ಟೂ ತಿಳಿಯತಕ್ಕದ್ದಾಗಿದೆ. 1865ರಲ್ಲಿ ಮಾನ್‌ಹೈಮ್ ನಗರದ ಮದ್ಯದ ಕಾರ್ಖಾನೆಯೊಂದರಲ್ಲಿ ಉಗಿಯ ಕೊಪ್ಪರಿಗೆಯು ಸಿಡಿಯಿತು. ಮರುವರ್ಷ ಅಲ್ಲಿನ ಉದ್ಯಮಿಗಳು ತಾವೇ ಒಂದು ಸಂಘವನ್ನು ಕಟ್ಟಿ ಕೊಪ್ಪರಿಗೆಗಳನ್ನು ನಿಯಮದಿಂದ ಪರೀಕ್ಷಿಸತೊಡಗಿದರು. ಕೊಪ್ಪರಿಗೆಯಿಂದ ಆರಂಭವಾದ ಈ ಶಿಸ್ತು ಮುಂದೆ ಮೋಟಾರಿಗೂ ಹಬ್ಬಿತು. 1951ರಿಂದ ಅಲ್ಲಿ ಕಾರುಗಳ ನಿಯತಕಾಲಿಕ ಪರೀಕ್ಷೆಯು ಕಡ್ಡಾಯವಾಯಿತು.

ಈ ಮಾತುಗಳಲ್ಲಿ ಕೊಲ್ಹಾರವು ಬಂದಿತು. ಮೊಸರಿನ ಅಂಗಡಿಯ ಮುಂದೆ ಗಾಡಿಯನ್ನು ನಿಲ್ಲಿಸಿದೆವು. ಶಿಷ್ಯನು ಗಡಿಗೆಯೊಂದನ್ನು ಕೈಗೆತ್ತಿಕೊಂಡು ಬೆಲೆ ಕೊಡಹೋದನು. ಅಂಗಡಿಯ ತಾಯಿ ತಡೆದರು. "ತಡೀರಿ ಯಪ್ಪಾ, ನೋಡಿ ಒಯ್ಯರಿ" ಎಂದು ಅದೇ ಗಡಿಗೆಯನ್ನು ಬೋರಲು ಹಿಡಿದರು. ಮೊಸರು ಅಲುಗಲಿಲ್ಲ. "ಕೊಲ್ಹಾರದ ಮೊಸರಂದ ಮ್ಯಾಲ ನೋಡೂದೇನೈತಿ, ಯವ್ವಾ?" ಎಂದು ಶಿಷ್ಯನು ನಕ್ಕನು. ಆಕೆ ನಗಲಿಲ್ಲ. "ಹೆಸರು ಊರಿಂದ್ರಿ. ಈ ಗಡಿಗಿ ನಿನ್ನೆ ರಾತ್ರಿ ಹೆಪ್ಪ ಹಾಕಿದ್ದು. ಇದನ್ನ ಬ್ಯಾರೇನ ನೋಡಬೇಕ್ರಿ" ಎಂದರು.

ನಾವು ಮೊಸರನ್ನು ತಿನ್ನುತ್ತಿರುವಾಗ ಪಕ್ಕದ ಪಂಚರಿನ ಅಂಗಡಿಯವರು, ವಯಸ್ಸಾದವರು, ಗಾಡಿಯನ್ನು ಸುತ್ತಿ ಬಂದು ಹಿಂದಿನ ಗಾಲಿಯ ಬಳಿ ಕುಕ್ಕರಗಾಲಿನಲ್ಲಿ ಕುಳಿತು ಬೆರಳಾಡಿಸಿ ನೋಡುತ್ತಿದ್ದರು. ಬಳಿಕ ಎದ್ದು, "ಸಾಹೇಬ್ರ, ಗಾಡಿ ಭಾರಿ ಐತಿ. ಆದರ ಟೈರ್ ಮುದುಕ ಆಗ್ಯಾವ್ರಿ" ಎಂದರು.

"ಗ್ರಿಪ್ ಇನ್ನೂ ಹೊಸಾದಿದ್ದಾಂಗ ಐತಲ್ಲ ಕಾಕಾ?"

"ಗ್ರಿಪ್ ಐತ್ರಿ. ರಬ್ಬರ್ ಸತ್ತೈತಿ."

ಅವರು ತೋರಿಸಿದಲ್ಲಿ ಬಾಗಿ ನೋಡಿದೆವು. ಟೈರಿನ ಪಕ್ಕದ ಗೋಡೆಯಲ್ಲಿ, ಬೇಸಗೆಯ ಎರೆಹೊಲದಂತೆ, ಕೂದಲೆಳೆಯ ಬಿರುಕುಗಳು ಒಂದರೊಳಗೊಂದು ಹೆಣೆದುಕೊಂಡಿದ್ದವು. ಒಳಮಗ್ಗುಲಲ್ಲಿ ಸಣ್ಣದೊಂದು ಉಬ್ಬು. ಅಲ್ಲಿಯೇ ನಾಲ್ಕು ಅಂಕಗಳನ್ನು ಅವರು ಬಟ್ಟೆಯಿಂದ ಒರಸಿ ಓದಿಸಿದರು: 3513. ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಅಂದರೆ 2013ನೆಯ ಇಸವಿಯ 35ನೆಯ ವಾರದಲ್ಲಿ ಎರಕವಾದ ಟೈರು. ಗಾಡಿಯು ನೋಂದಣಿಯಾದುದು 2014ರಲ್ಲಿ. ಇದುವರೆಗೆ ಓಡಿದುದು ಹತ್ತೊಂಬತ್ತು ಸಾವಿರ ಕಿಲೋಮೀಟರ್ ಮಾತ್ರ. ಹುಟ್ಟುವಾಗ ಬಂದ ಟೈರುಗಳೇ ಇಂದಿಗೂ ಇದ್ದವು. ಮೊದಲಿನ ಮಾಲಿಕರು ನೋಡಿರಲಿಲ್ಲ. ನನ್ನ ಶಿಷ್ಯನೂ ನೋಡಿರಲಿಲ್ಲ. ತಯಾರಕರ ದೋಷವು ಇದರಲ್ಲಿ ಎಳ್ಳಷ್ಟೂ ಇಲ್ಲ. ಹತ್ತು ವರ್ಷ ಮೀರಿದ ಟೈರನ್ನು, ಅದು ಸವೆಯದಿದ್ದರೂ, ಬದಲಿಸಬೇಕೆಂದು ತಯಾರಕರೇ ಹೇಳುತ್ತಾರೆ. ಗಾಳಿಯೂ ಬಿಸಿಲೂ ರಬ್ಬರಿನ ಮೃದುತ್ವವನ್ನು ಮೆಲ್ಲಗೆ ಹೀರುವುವು. ಓಡದೆ ನಿಂತ ಗಾಡಿಗೂ ಇದು ತಪ್ಪದು.

ಶಿಷ್ಯನು ಒಪ್ಪಲಿಲ್ಲ. ದೂರವಾಣಿಯ ಪರದೆಯಲ್ಲಿ ಜರ್ಮನಿಯ ಪಟ್ಟಿಯನ್ನು ತೋರಿಸಿ, "ಇಷ್ಟು ವರ್ಷ ಮೊದಲ ನಂಬರ ಬಂದ ಗಾಡಿ, ಗುರುಗಳ. ಸಾವಕಾಶ ಹೊಡೆದರ ಬಾಗಲಕೋಟಿ ಮುಟ್ಟೂದೇನು ದೊಡ್ಡದಲ್ಲ" ಎಂದನು.

ಆಗ ನನಗೆ ಅನ್ನಂಭಟ್ಟನ ತರ್ಕಸಂಗ್ರಹವು ನೆನಪಿಗೆ ಬಂದಿತು. ಅವನೂ ಅದನ್ನು ನನ್ನಲ್ಲಿಯೇ ಓದಿದವನು. "ತಮ್ಮಾ, ಹೊಗೆಯಿದ್ದಲ್ಲಿ ಬೆಂಕಿ ಉಂಟು, ಆದರ ಬೆಂಕಿಯಿದ್ದಲ್ಲೆಲ್ಲಾ ಹೊಗೆ ಉಂಟೇನು?" ಎಂದು ಕೇಳಿದೆ. "ಇಲ್ಲ, ಕಾದ ಕಬ್ಬಿಣದಾಗ ಬೆಂಕಿ ಇರತದ, ಹೊಗಿ ಇರೂದಿಲ್ಲ. ಹಸಿ ಕಟ್ಟಿಗಿ ಇದ್ದರ ಹೊಗಿ. ಹಸಿ ಕಟ್ಟಿಗೀನ ಉಪಾಧಿ" ಎಂದು ಪಾಠವನ್ನೊಪ್ಪಿಸಿದನು. "ಹಾಗಾದರೆ ಈ ಪಟ್ಟಿಯ ಉಪಾಧಿ ಯಾವುದು?" ಎಂದೆನು.

ಅವನು ಸುಮ್ಮನಾದನು. ಉಪಾಧಿಯು ಸ್ಪಷ್ಟವೇ ಇದೆ. ಇಂತಹ ಗಾಡಿಯನ್ನು ಸಾಕುವವನು ಶ್ರೀಮಂತ. ಅವನಿಗೆ ದಿನದ ಓಡಾಟಕ್ಕೆ ಬೇರೊಂದು ಗಾಡಿಯುಂಟು. ಇದನ್ನು ಬಿಸಿಲು ಮಳೆ ತಾಗದ ಮನೆಯಲ್ಲಿಟ್ಟು, ಹಬ್ಬಕ್ಕೊಮ್ಮೆ ಹೊರತೆಗೆದು, ಪರೀಕ್ಷೆಗೆ ಮೊದಲು ಕುಶಲಿಗಳಿಂದ ತಿದ್ದಿಸಿಕೊಂಡು ಹೋಗುವನು. ದಿನವೂ ನೂರಾರು ಮೈಲಿ ದುಡಿಯುವ ಬಡ ಗಾಡಿಯು ಅದೇ ಪಟ್ಟಿಯಲ್ಲಿ ಕೆಳಗೆ ಬೀಳುವುದು. ಗಾಡಿಯ ಕಟ್ಟಡವು ಉತ್ತಮವೆಂಬುದು ಸುಳ್ಳಲ್ಲ. ಆದರೆ ಆ ಪ್ರಥಮಸ್ಥಾನದಲ್ಲಿ ಯಂತ್ರದ ಪಾಲೆಷ್ಟೋ ಒಡೆಯನ ಆರೈಕೆಯ ಪಾಲೂ ಅಷ್ಟಿದೆ. ಪಟ್ಟಿಯು ವರ್ಗವನ್ನು ಹೇಳುತ್ತದೆ, ವ್ಯಕ್ತಿಯನ್ನಲ್ಲ. ಇನ್ನೊಂದು ವಿಚಿತ್ರವೆಂದರೆ, ಕಡಿಮೆ ಓಡುವುದೆಂಬ ಯಾವ ಗುಣವು ಅದನ್ನು ಪಟ್ಟಿಯ ತಲೆಗೇರಿಸಿತೋ, ಅದೇ ಗುಣವು ಈ ಗಾಡಿಯ ಟೈರುಗಳನ್ನು ಸವೆಯಗೊಡದೆ ಮುದುಕಾಗಿಸಿದ್ದಿತು.

ಶಿಷ್ಯನಿಗೇ ಒಂದು ಸಂಗತಿಯು ನೆನಪಿಗೆ ಬಂದು ಮುಖವು ಬಾಡಿತು. 2013ರ ನವೆಂಬರ್ 30ರಂದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಚಲಚ್ಚಿತ್ರ ನಟ ಪಾಲ್ ವಾಕರ್ ತನ್ನ ಸ್ನೇಹಿತನು ನಡೆಸುತ್ತಿದ್ದ ಪೋರ್ಷೆ ಕರೆರಾ ಜಿಟಿ ಕಾರಿನಲ್ಲಿ ಮೃತನಾದನು, ಸ್ನೇಹಿತನೂ ಉಳಿಯಲಿಲ್ಲ. ಗಂಟೆಗೆ ಸುಮಾರು 130ರಿಂದ 150 ಕಿಲೋಮೀಟರ್ ವೇಗವೇ ಕಾರಣವೆಂದು ತನಿಖೆಯವರು ನಿರ್ಣಯಿಸಿದರು. ಅದರೊಂದಿಗೆ ಅವರು ಬರೆದ ಇನ್ನೊಂದು ಮಾತು, ಆ ಗಾಡಿಯ ಟೈರುಗಳು ಒಂಬತ್ತು ವರ್ಷ ಹಳೆಯವು, ಅದರಿಂದ ಹಿಡಿತವು ತಗ್ಗಿದ್ದಿರಬಹುದು ಎಂಬುದು. ನಮ್ಮ ಗಾಡಿಯ ಟೈರುಗಳು ಅವಕ್ಕಿಂತ ಮುದುಕು. ಬದಲಿ ಗಾಲಿಯೂ ಇರಲಿಲ್ಲ. ರಂಧ್ರವನ್ನು ಮುಚ್ಚುವ ದ್ರವವೂ ಗಾಳಿ ತುಂಬುವ ಸಣ್ಣ ಯಂತ್ರವೂ ಇದ್ದವು. ಪಕ್ಕದ ಗೋಡೆಯು ಹರಿದರೆ ಅವುಗಳಿಂದ ಏನೂ ಆಗದು. ಮುಂದೆ ಇದ್ದುದು ಹಿನ್ನೀರಿನ ಮೇಲಣ ಸುಮಾರು ಮೂರು ಕಿಲೋಮೀಟರಿನ ಸೇತುವೆ. ಹಿಂದಿನ ಆಸನದಲ್ಲಿ ಮಗುವು ಬೆರಳಿಗೆ ಹತ್ತಿದ ಮೊಸರನ್ನು ನೆಕ್ಕುತ್ತ ಕುಳಿತಿತ್ತು. ಅವನು ಅತ್ತ ಒಮ್ಮೆ ನೋಡಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, "ಇಳಿ ಅವ್ವಿ, ಬಸ್ಸಿಗೆ ಹೋಗೂಣು" ಎಂದನು. ಪಂಚರಿನವರು ತಮ್ಮ ಹಿತ್ತಿಲಲ್ಲಿ ಗಾಡಿಗೆ ನೆರಳನ್ನು ಕೊಟ್ಟರು; ಹಣವೆಂದರೆ, "ತಿರುಗಿ ಬಂದಾಗ ನೋಡೂಣ್ರಿ" ಎಂದರು.

ಕೆಂಪು ಬಸ್ಸು ಬಂದಿತು. ಅದರ ಕಿಟಕಿಗಳು ಹಲ್ಲು ಕಡಿಯುವಂತೆ ಸದ್ದು ಮಾಡುತ್ತಿದ್ದವು. ಆದರೂ ನಮ್ಮ ದೇಶದ ಕಾನೂನನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಬಸ್ಸು, ಲಾರಿ, ಬಾಡಿಗೆಯ ಗಾಡಿಗಳು ಎಂಟು ವರ್ಷದ ವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ವರ್ಷವರ್ಷವೂ ಯೋಗ್ಯತಾ ಪ್ರಮಾಣಪತ್ರಕ್ಕಾಗಿ ಪರೀಕ್ಷೆಗೆ ನಿಲ್ಲಬೇಕು. ಸ್ವಂತದ ಕಾರಿಗಾದರೋ ನೋಂದಣಿಯು ಹದಿನೈದು ವರ್ಷ ನಡೆಯುವುದು. ಹೊಗೆಯ ತಪಾಸಣೆಯೊಂದನ್ನು ಬಿಟ್ಟರೆ ಅಷ್ಟು ಕಾಲ ಅದರ ಬ್ರೇಕನ್ನೂ ಗಾಲಿಯನ್ನೂ ಕೇಳುವವರಿಲ್ಲ. ಆಮೇಲೆ ಪರೀಕ್ಷೆಗೆ ನಿಂತು ಐದೈದು ವರ್ಷಕ್ಕೆ ನೋಂದಣಿಯನ್ನು ನವೀಕರಿಸಿಕೊಳ್ಳಬೇಕು. ಶಿಷ್ಯನ ಕಾಗದಗಳೆಲ್ಲ 2029ರ ವರೆಗೆ ಊರ್ಜಿತವಾಗಿದ್ದವು. ಕಾಗದವು ಸರಿಯಾಗಿದ್ದಿತು, ಟೈರು ಸರಿಯಾಗಿರಲಿಲ್ಲ. ಜರ್ಮನಿಯಲ್ಲಿ ಪರೀಕ್ಷಕನು ನೋಡುವುದನ್ನು ನಮ್ಮಲ್ಲಿ ಗೃಹಸ್ಥನೇ ನೋಡಿಕೊಳ್ಳಬೇಕಾಗಿದೆ.

ಬಸ್ಸು ಸೇತುವೆಯನ್ನೇರಿತು. ಎರಡೂ ಕಡೆಗೆ ನೀರೇ ನೀರು. ಅದರ ತಳದಲ್ಲಿ ಹಳೆಯ ಕೊಲ್ಹಾರವಿದೆಯೆಂದು ಮಗುವಿಗೆ ಹೇಳಿದೆ. "ಅಜ್ಜಾ, ಅಲ್ಲಿ ಮೊಸರು ಮಾರುವವರು ಏನ ಮಾಡಿದರು?" ಎಂದು ಕೇಳಿತು. ಗಡಿಗೆಗಳನ್ನು ಹೊತ್ತುಕೊಂಡು ದಿಬ್ಬವನ್ನೇರಿದರು ಎಂದೆ. ಶಿಷ್ಯನು ಏನೂ ಮಾತನಾಡಲಿಲ್ಲ. ಮಗಳ ಕೈಯನ್ನು ಬಿಡದೆ ಹಿಡಿದುಕೊಂಡಿದ್ದನು.

ಹತ್ತು ದಿನಗಳ ಮೇಲೆ ಬೆಂಗಳೂರಿನಿಂದ ಹೊಸ ಟೈರುಗಳು ಬಂದುವು. ಹಳೆಯದನ್ನು ಬಿಚ್ಚಿದಾಗ ಉಬ್ಬಿದ್ದ ಕಡೆ ಒಳಗಿನ ದಾರಗಳು ಹರಿದಿದ್ದುವೆಂದು ಅವನು ತಿಳಿಸಿದನು.

ಇನ್ನೊಬ್ಬರಿಗೆ ತರ್ಕವನ್ನು ಹೇಳಿದ ನಾನು ಮನೆಗೆ ಬಂದ ರಾತ್ರಿ ದೀಪವನ್ನು ಹಿಡಿದು ನನ್ನ ಹಳೆಯ ಸ್ಕೂಟರಿನ ಮುಂದೆ ಕುಳಿತೆ. ಧೂಳನ್ನೊರಸಿ ಅಂಕಗಳನ್ನು ಓದಿದೆ: 1212. ನಿವೃತ್ತನಾದ ಮೇಲೆ ಅದು ಸಂತೆಗೂ ಗುಡಿಗೂ ಅಲ್ಲದೆ ಎಲ್ಲಿಗೂ ಓಡಿರಲಿಲ್ಲ. ಆದುದರಿಂದ ಟೈರೂ ಸವೆದಿರಲಿಲ್ಲ. ಮನೆಯಾಕೆಯನ್ನು ಅದರ ಹಿಂದೆ ಕೂರಿಸಿಕೊಂಡು ಎಷ್ಟು ಸಲ ಹೋಗಿದ್ದೆನೋ! ಮರುದಿನವೇ ಎರಡನ್ನೂ ಬದಲಿಸಿದೆನು. ವಾಚಕರ ಮನೆಯ ಅಂಗಳದಲ್ಲಿಯೂ ಒಂದು ಗಾಡಿಯು ಇದ್ದೀತು. ಆ ನಾಲ್ಕು ಅಂಕಗಳನ್ನು ಹುಡುಕಿ ಓದಲು ಒಂದು ಬಟ್ಟೆಯ ಚೂರೂ ಒಂದು ದೀಪವೂ ಸಾಕು.